ಯಾವ ಬಣ್ಣಕ್ಕೆ ಓಟ ಜಾಸ್ತಿ?

ಜಗಳ ಹುಟ್ಟಿದ್ದು ಆವನಿ ಬೆಟ್ಟದ ಬುಡದಲ್ಲಿ, ಒಂದು ಹುಣಸೆಮರದ ನೆರಳಿಗಾಗಿ. ಮೂರು ಕಾರು, ಒಂದೂವರೆ ಕಾರಿಗಾಗುವಷ್ಟು ನೆರಳು. ಮೊದಲು ಬಂದು ಜಾಗ ಹಿಡಿದ ಕರಿ ಸ್ಕಾರ್ಪಿಯೊದವನು "ಕರೀ ಗಾಡಿ ಅಂದ್ರೆ ಹಂಗೇ, ಬಾಣ!" ಅಂದನಂತೆ. ಹಿಂದೆಯೇ ಬಂದ ಕೆಂಪು ಮಾರುತಿಯವನು ಇಳಿಯುವಷ್ಟೂ ತಾಳ್ಮೆಯಿಲ್ಲದೆ ಕಿಟಕಿಯಿಂದಲೇ, "ಲೋ, ಓಟ ಅಂದ್ರೆ ಕೆಂಪು ಕಣೋ!" ಅಂದನಂತೆ. ಅಂತೆ ಎನ್ನಲು ಕಾರಣವಿದೆ. ನನ್ನ ಬಿಳಿ ಅಂಬಾಸಿಡರ್ ಹೆದ್ದಾರಿ ಬಿಟ್ಟು ಊರು ಸೇರುವ ಹೊತ್ತಿಗೆ ವಾದ ಅರ್ಧ ಮುಗಿದಿತ್ತು. ನನಗೆ ಸಿಕ್ಕಿದ್ದು ಬರೀ ಬಿಸಿಲು.

"ಕೆಂಪು ಓಡೋದಾದ್ರೆ ನಮ್ಮೂರ ಕೆಂಪು ಬಸ್ಸು ಯಾಕೆ ಓಡಲ್ಲ?" ಎಂದು ನಾನೂ ಕೈಜೋಡಿಸಿದೆ. ಎಲ್ಲರೂ ನಕ್ಕೆವು. ಆಗ ತಲೆ ಎತ್ತಿ ಬೆಟ್ಟ ನೋಡಿದವನಿಗೆ ಮೈ ಜುಮ್ಮೆಂದಿತು. ನಾವು ನಿಂತು ಹರಟುತ್ತಿದ್ದದ್ದು ಎಂಥಾ ಜಾಗದಲ್ಲಿ!

ಇದು ವಾಲ್ಮೀಕಿ ಆಶ್ರಮವಿತ್ತೆಂದು ಜನ ನಂಬಿದ ಊರು. ಸೀತೆ ಲವಕುಶರನ್ನು ಹೆತ್ತಳೆಂಬ ಬೆಟ್ಟ. ಮೇಲೆ ಅವಳದೇ ಗುಡಿ. ಕೆಳಗೆ ನೊಳಂಬರ ಕಾಲದ ಗುಡಿಗಳ ಸಾಲು. ರಾಮ, ಲಕ್ಷ್ಮಣ, ಭರತ, ಶತ್ರುಘ್ನ, ಅಣ್ಣತಮ್ಮಂದಿರ ಹೆಸರಿಗೆ ಒಬ್ಬೊಬ್ಬರಿಗೂ ಒಂದೊಂದು ಲಿಂಗ. ಅವರಪ್ಪನ ಹೆಸರೇ ದಶರಥ, ಹತ್ತು ರಥದವನು! ಅಶ್ವಮೇಧದ ಕುದುರೆ ನಾಡು ಸುತ್ತುತ್ತಾ ಆಶ್ರಮಕ್ಕೆ ಬಂತು, ಹುಡುಗರು ಕಟ್ಟಿಹಾಕಿದರು, ರಾಮನ ಸೇನೆಯೇ ಸೋತಿತು ಎನ್ನುವ ಕಥೆ ಇಲ್ಲಿಯ ಬಂಡೆಬಂಡೆಗೂ ಅಂಟಿದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಲವ ಆ ಕುದುರೆಯನ್ನು ಕಟ್ಟುವುದು ಹಗ್ಗದಿಂದಲ್ಲ, ಹೊದ್ದ ಉತ್ತರೀಯದಿಂದ, ಗೂಟಕ್ಕಲ್ಲ, ಬಾಳೆಗಿಡಕ್ಕೆ. ನಾಡಿನ ಅತಿ ವೇಗದ ವಾಹನ, ಹ್ಯಾಂಡ್‌ಬ್ರೇಕು ಒಂದು ಬಾಳೆಗಿಡ!

ಒಮ್ಮೆ ಹೀಗೆ ನೋಡಲು ಶುರುಮಾಡಿದರೆ ಬಣ್ಣದ ಜಗಳ ಎಲ್ಲೆಲ್ಲೂ ಕಾಣುತ್ತದೆ. ಉಚ್ಚೈಃಶ್ರವಸ್ಸೆಂಬ ಕುದುರೆಯ ಬಾಲ ಬಿಳುಪೋ ಕಪ್ಪೋ ಎಂದು ಕದ್ರು, ವಿನತೆ ಪಣ ಕಟ್ಟಲಿಲ್ಲವೆ? ಗೆಲ್ಲಲೇಬೇಕೆಂದು ಕದ್ರು ತನ್ನ ಹಾವುಮಕ್ಕಳನ್ನು ಆ ಬಿಳಿ ಬಾಲಕ್ಕೆ ಅಂಟಿಸಿದಳು. ಗಾಡಿಗೆ ಸ್ಟಿಕ್ಕರ್ ಹೊಡೆಸುವ ಚಟಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ? ಮಹಾಭಾರತದ ದ್ರೋಣಪರ್ವದಲ್ಲಂತೂ ಸಂಜಯ ಯಾರ ರಥಕ್ಕೆ ಯಾವ ಬಣ್ಣದ ಕುದುರೆ ಎಂದು ಸಾಲುಸಾಲಾಗಿ ಒಪ್ಪಿಸುತ್ತಾನೆ. ಯುಧಿಷ್ಠಿರನವು ದಂತದ ಬಣ್ಣದವು, ಧೃಷ್ಟದ್ಯುಮ್ನನವು ಪಾರಿವಾಳದ ಬಣ್ಣದವು, ಸಾತ್ಯಕಿಯವು ಅಪ್ಪಟ ಬೆಳ್ಳಿ. ಶೋರೂಮಿನ ಕ್ಯಾಟಲಾಗ್ ಓದಿದಂತೆ! ಅರ್ಜುನನಿಗೆ ಶ್ವೇತವಾಹನ ಎಂಬ ಹೆಸರೇ ಇದೆ ಎಂದು ನಾನು ಎದೆಯುಬ್ಬಿಸಿದೆ. ಕೆಂಪು ಮಾರುತಿಯವನು ಬಿಡಲಿಲ್ಲ: "ಅದೇ ಅರ್ಜುನ ಮುಳಬಾಗಿಲಲ್ಲಿ ಯಾರನ್ನ ಪ್ರತಿಷ್ಠೆ ಮಾಡಿದ್ದು? ಮಾರುತೀನ!" ಸ್ಥಳಪುರಾಣ ಅವನ ಕಡೆಗಿತ್ತು. ಸುಮ್ಮನಾದೆ.

ಶಿವರಾತ್ರಿ ಹೊತ್ತಿಗೆ ಇಲ್ಲಿ ಸೇರುವ ದನಗಳ ಜಾತ್ರೆಯಲ್ಲೂ ಇದೇ ಮಾತು. ಹಳ್ಳಿಕಾರ್ ಹೋರಿಯ ಹಲ್ಲು ನೋಡಿ, ಸುಳಿ ನೋಡಿ, ಗೊರಸು ನೋಡಿ, ಕೊನೆಗೆ ಬೂದು ಎಷ್ಟು ಕಡು, ಎಷ್ಟು ತಿಳಿ ಎಂದು ತಲೆ ಓರೆ ಮಾಡಿ ನಿಲ್ಲುವ ರೈತನ ಕಣ್ಣಿಗೂ ಬಣ್ಣವೆಂದರೆ ಬರೀ ಬಣ್ಣವಲ್ಲ.

ಸರಿ, ಪುರಾಣ ಬಿಡೋಣ, ದಾಖಲೆ ಏನೆನ್ನುತ್ತದೆ? ಇಲ್ಲಿಂದ ಮುಂದಿನದನ್ನು ನಾನು ಕೂತು ಹೇಳಲಾರೆ, ಎದ್ದು ನಿಂತೇ ಹೇಳಬೇಕು. ನೆಲದ ಮೇಲಿನ ವೇಗದ ವಿಶ್ವದಾಖಲೆ 1970ರಲ್ಲಿ ಗಂಟೆಗೆ 1,001 ಕಿಲೋಮೀಟರು. ಗಾಡಿಯ ಹೆಸರು ಬ್ಲೂ ಫ್ಲೇಮ್, ಬಣ್ಣ ನೀಲಿ. 1983ರಲ್ಲಿ ಅದನ್ನು ಮುರಿದದ್ದು ಥ್ರಸ್ಟ್ 2, 1,019 ಕಿಲೋಮೀಟರು. ಅದರ ಬಣ್ಣ ಹೊನ್ನು! ಚಿನ್ನದ ಗಣಿಯ ಜಿಲ್ಲೆಯವರು ನಾವು. ಹೊನ್ನಿನ ಬಣ್ಣ 14 ವರ್ಷ ಜಗತ್ತನ್ನು ಆಳಿತೆಂದು ನಮಗೆ ಯಾರಾದರೂ ಹೇಳಿದ್ದರೆ? 1997ರ ಅಕ್ಟೋಬರಿನಲ್ಲಿ ಥ್ರಸ್ಟ್ ಎಸ್‌ಎಸ್‌ಸಿ ಶಬ್ದದ ವೇಗವನ್ನೇ ದಾಟಿ 1,228 ಕಿಲೋಮೀಟರು ಮುಟ್ಟಿತು. ಅದು ಕಪ್ಪು, ಕಾಡಿಗೆ ಕಪ್ಪು. ಸ್ಕಾರ್ಪಿಯೊದವನು ಬಾನೆಟ್ಟಿಗೆ ಮುತ್ತು ಕೊಡಲು ಹೋಗಿ ಬೆಚ್ಚಿ ಹಿಂದೆ ಸರಿದ. ನೆರಳು ಅಷ್ಟರಲ್ಲಿ ಆಚೆ ಜಾರಿತ್ತು, ಕಪ್ಪು ತಗಡು ರೊಟ್ಟಿ ಹೆಂಚಾಗಿತ್ತು. ಪಕ್ಕದ ನನ್ನ ಬಿಳಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ತಡೆದುಕೊಳ್ಳಬಹುದಿತ್ತು. ಕಾದ ಗಾಡಿಗೆ ಎ.ಸಿ. ಜಾಸ್ತಿ ಬೇಕು, ಎ.ಸಿ. ಎಂಜಿನ್ನಿನ ಬಲ ತಿನ್ನುತ್ತದೆ. ಕೂದಲೆಳೆಯಷ್ಟಾದರೂ ಬಿಳುಪಿಗೂ ಲಾಭವುಂಟು.

ಬಣ್ಣಕ್ಕೆ ತೂಕವೂ ಇದೆ! 1934ರಲ್ಲಿ ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಂದ್ಯಕ್ಕೆ 750 ಕೆ.ಜಿ. ಮಿತಿ, ಮರ್ಸಿಡಿಸ್ ತೂಗಿದ್ದು 751. ರಾತ್ರಿಯೆಲ್ಲ ಕೂತು ಬಿಳಿ ಬಣ್ಣ ಕೆರೆದರು, ಒಳಗಿನ ಬೆಳ್ಳಿ ಲೋಹ ಹೊಳೆಯಿತು, ಮರುದಿನ ಗೆದ್ದಿತು ಎಂದು ತಂಡದ ಯಜಮಾನ ನಾಯ್‌ಬಾವರ್ ಹೇಳಿಕೊಂಡು ಬಂದ. ಕೆರೆದದ್ದು ಸುಳ್ಳು, ಗಾಡಿ ಮೊದಲೇ ಬೆಳ್ಳಿಯಿತ್ತು ಎನ್ನುವ ಇತಿಹಾಸಕಾರರಿದ್ದಾರೆ. ನನಗೆ ಕೆರೆದ ಕಥೆಯೇ ಇಷ್ಟ. ಅದೇ ಮರ್ಸಿಡಿಸ್ 2023ರಲ್ಲಿ ತೂಕ ಉಳಿಸಲು ತನ್ನ ಬೆಳ್ಳಿ ಬಣ್ಣವನ್ನೇ ಬಿಟ್ಟು, ಕಾರ್ಬನ್ನಿನ ಕಪ್ಪು ಮೈಯಲ್ಲೇ ಫಾರ್ಮುಲಾ ಒನ್‌ಗೆ ಇಳಿಯಿತು.

ನೀಲಿ, ಹೊನ್ನು, ಕಪ್ಪು, ಬಿಳಿ, ಬೆಳ್ಳಿ. ಕೆಂಪಿಗೆ ಏನೂ ಉಳಿದಿರಲಿಲ್ಲ. ಮಾರುತಿಯವನು ಮುಖ ಚಿಕ್ಕದು ಮಾಡಿ ಎದುರಿನ ಅಂಗಡಿಯಿಂದ ಗೋಲಿ ಸೋಡಾ ತಂದು, ಕುಡಿದು ಉಳಿದ ಸೀಸೆಯನ್ನು ನನ್ನ ಬಾನೆಟ್ಟಿನ ಮೇಲೆ ಕುಕ್ಕಿದ.

ಆಗ ಕಂಡಿತು. ಸೀಸೆ ದಾಟಿ ಬಂದ ಬಿಸಿಲು ಬಿಳಿ ತಗಡಿನ ಮೇಲೆ ಬೆಳಕಿನ ಬಲೆ ಹಾಸಿತ್ತು. ಬಲೆಯ ಅಂಚಿನಲ್ಲಿ ನೂಲಿನಷ್ಟು ತೆಳ್ಳಗೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ಗಾಳಿಯೂ ಇಲ್ಲದ ಬಯಲು ಆಕಾಶದಲ್ಲಿ ಎಲ್ಲ ಬಣ್ಣದ ಬೆಳಕೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಜೊತೆಜೊತೆಯಾಗಿ ಓಡುತ್ತವೆ. ಗಾಜಿಗೋ ನೀರಿಗೋ ಹೊಕ್ಕ ಕೂಡಲೇ ಎಲ್ಲವೂ ನಿಧಾನವಾಗುತ್ತವೆ, ಒಂದೇ ಸಮನಾಗಿ ಅಲ್ಲ. ನೇರಳೆ ಹೆಚ್ಚು ತಡವರಿಸುತ್ತದೆ. ಕೆಂಪು ಅದಕ್ಕಿಂತ ನೂರಕ್ಕೆ ಒಂದು ಪಾಲಿನಷ್ಟು ಮುಂದೆ. ಆ ಅಂತರದಿಂದಲೇ ಬಣ್ಣಗಳು ಬೇರೆಬೇರೆಯಾಗುವುದು, ಕಾಮನಬಿಲ್ಲು ಮೂಡುವುದು. ಸೋಡಾ ಸೀಸೆಯೊಳಗೆ, ನಮ್ಮ ಕಣ್ಣೆದುರಿಗೆ, ಕೆಂಪು ಗೆಲ್ಲುತ್ತಿತ್ತು!

ಹೇಳಿದೆ. ಹೇಳಬಾರದಿತ್ತು. ಬೆಟ್ಟ ಹತ್ತಿ ಸೀತಮ್ಮನ ಗುಡಿ ಮುಟ್ಟುವವರೆಗೂ ಅವನ ಕೈಯಲ್ಲಿ ಆ ಖಾಲಿ ಸೀಸೆಯಿತ್ತು. ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ ತೋರಿಸಿದ. ಸೀಸೆ ವಾಪಸು ಕೊಡಲಿಲ್ಲವೆಂದು ಅಂಗಡಿಯಜ್ಜಿ ಇಳಿಯುವ ದಾರಿ ಕಾದು ನಿಂತಿದ್ದಳು.