ಸುಡುವ ಕರೆಂಟು, ಹುಡುಕುವ ಕ್ಯುರೆಟ್

ನಮ್ಮ ಕ್ಲಾಸಿನ ಗೆಳೆಯನೊಬ್ಬನ ಕತ್ತಿನ ಮೇಲೆ ಎರಡು ನರೂಲಿ ಇದ್ದವು. ಊರಲ್ಲಿ ಅಜ್ಜಿ ಕುದುರೆ ಬಾಲದ ಕೂದಲು ಕಟ್ಟು ಅಂದರು. ಹಾಸ್ಟೆಲ್‌ನಲ್ಲಿ ನಾವು, ಸೋಲ್ಡರಿಂಗ್ ಐರನ್ ಇದೆಯಲ್ಲ ಅಂದೆವು. ತಮಾಷೆಗೆ ಅಂದಿದ್ದು, ದಯವಿಟ್ಟು ಯಾರೂ ಮಾಡಬೇಡಿ. ಕೊನೆಗೆ ಅವನು ಚರ್ಮದ ಡಾಕ್ಟರ ಹತ್ತಿರ ಹೋಗಿ ಐದೇ ನಿಮಿಷದಲ್ಲಿ ಸುಡಿಸಿಕೊಂಡು ಬಂದ. ಬಂದವನೇ ಕೇಳಿದ: "ಮೈಗೇ ಕರೆಂಟ್ ಕೊಟ್ರು ಕಣ್ರೋ, ಶಾಕ್ ಯಾಕೆ ಹೊಡೀಲಿಲ್ಲ?"

ಉತ್ತರ ಇರೋದು ಫ್ರೀಕ್ವೆನ್ಸಿಯಲ್ಲಿ. ಮನೆಯ ಕರೆಂಟು 50 ಹರ್ಟ್ಸ್. ಅಷ್ಟು ನಿಧಾನದ ಏರಿಳಿತಕ್ಕೆ ನರ, ಸ್ನಾಯು ಎರಡೂ ಪ್ರತಿಕ್ರಿಯಿಸುತ್ತವೆ. ಶಾಕ್ ಅಂದರೆ ಅದೇ. ಗ್ಯಾಲ್ವನೋಮೀಟರ್ ಪಾಠದಲ್ಲಿ ಹೆಸರು ಕೇಳಿರುತ್ತೀರಲ್ಲ, ಫ್ರಾನ್ಸಿನ ಡಾರ್ಸನ್‌ವಾಲ್, ಅದೇ ಮನುಷ್ಯ 1890ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟ: ಸುಮಾರು 10,000 ಹರ್ಟ್ಸ್ ದಾಟಿದರೆ ಸ್ನಾಯು ಸೆಟೆದುಕೊಳ್ಳೋದಿಲ್ಲ, ಬಿಸಿ ಮಾತ್ರ ಆಗುತ್ತದೆ. ಡಾಕ್ಟರ ಕೈಲಿರುವ ಪೆನ್ನಿನಂಥ ಯಂತ್ರ ಕೆಲಸ ಮಾಡೋದು ಲಕ್ಷಗಟ್ಟಲೆ ಹರ್ಟ್ಸ್‌ನಲ್ಲಿ. ಸೂಜಿಮೊನೆಯಷ್ಟು ಜಾಗದಲ್ಲಿ ಕರೆಂಟಿನ ಸಾಂದ್ರತೆ ವಿಪರೀತ. ಹಾಗಾಗಿ ಅಲ್ಲಿಯ ಜೀವಕೋಶಗಳ ನೀರು ಆರಿ, ಅವು ಒಣಗಿ ಸಾಯುತ್ತವೆ. ಅದೇ ಕರೆಂಟು ಮೈತುಂಬ ಹರಡಿಕೊಂಡ ಮೇಲೆ ಗೊತ್ತೇ ಆಗೋದಿಲ್ಲ. ಇನ್ನೊಂದು ವೈರ್ ಎಲ್ಲಿ ಅಂತೀರಾ? ಇಂಥ ಸಣ್ಣ ಯಂತ್ರಗಳಿಗೆ ಅದು ಬೇಕಿಲ್ಲ. ಮೈಗೂ ಭೂಮಿಗೂ ನಡುವಿನ ಕೆಪಾಸಿಟೆನ್ಸೇ ಸರ್ಕ್ಯೂಟ್ ಪೂರ್ತಿ ಮಾಡುತ್ತದೆ. ಪೇಸ್‌ಮೇಕರ್ ಇದ್ದವರು ಮಾತ್ರ ಮೊದಲೇ ಹೇಳಬೇಕು. ಅಂಥವರಿಗೆ ಕಾದ ತಂತಿಯಿಂದ ಸುಡುವ ದಾರಿಯುಂಟು, ಅದರಲ್ಲಿ ಮೈಯೊಳಗೆ ಕರೆಂಟು ಹರಿಯೋದಿಲ್ಲ. ನಮ್ಮ ಸೋಲ್ಡರಿಂಗ್ ಐರನ್ನಿನ ಮರ್ಯಾದಸ್ಥ ನೆಂಟ ಅನ್ನಬಹುದು.

ನರೂಲಿಗೆ ಸುಡುವುದೇ ಸಾಕು. ಕ್ಯಾನ್ಸರಿಗೆ ಸಾಲದು. ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ನಿಧಾನವಾಗಿ ಬೆಳೆಯುವಂಥದ್ದು, ದೇಹದ ಬೇರೆ ಕಡೆ ಹಬ್ಬುವುದು ತೀರಾ ಅಪರೂಪ. ಅದು ಚಿಕ್ಕದಾಗಿ, ಮೇಲ್ಮೇಲೆ ಇದ್ದಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತುದಿಯಲ್ಲಿ ಪುಟ್ಟ ಉಂಗುರದಂಥ ಅಂಚಿರುವ ಕ್ಯುರೆಟ್‌ನಿಂದ ಕೆರೆದು ತೆಗೆಯುತ್ತಾರೆ. ಗಡ್ಡೆಯ ಭಾಗ ಮೆತ್ತಗೆ, ಪುಡಿಪುಡಿಯಾಗಿ ಬರುತ್ತದೆ. ಒಳ್ಳೆಯ ಚರ್ಮ ಸಿಕ್ಕಿದೊಡನೆ ಗಟ್ಟಿಯಾಗಿ, ಗರಗರ ಎಂದು ತಡೆಯುತ್ತದೆ. ಆ ವ್ಯತ್ಯಾಸ ಬೆರಳಿಗೆ ತಿಳಿಯಬೇಕು. ಅಂದರೆ ಇಲ್ಲಿ ಕ್ಯುರೆಟ್ಟೇ ಸೆನ್ಸರ್. ಆಮೇಲೆ ಕರೆಂಟು ತಳವನ್ನೂ ಅಂಚನ್ನೂ ಒಣಗಿಸಿ ರಕ್ತ ನಿಲ್ಲಿಸುತ್ತದೆ. ಮತ್ತೆ ಕೆರೆತ, ಮತ್ತೆ ಕರೆಂಟು, ಸಾಮಾನ್ಯವಾಗಿ ಮೂರು ಸುತ್ತು. ಹೊಲಿಗೆ ಇಲ್ಲ, ಗಾಯ ತಾನಾಗಿ ಮಾಯುತ್ತದೆ.

ಸೆನ್ಸರ್ ಅಂದಮೇಲೆ ಅದಕ್ಕೂ ಮಿತಿ ಇದೆ. ಕೆರೆಯುತ್ತಾ ಚರ್ಮದಡಿಯ ಕೊಬ್ಬು ಸಿಕ್ಕಿತೋ, ಅದೂ ಮೆತ್ತಗೆ, ಗಡ್ಡೆಯೂ ಮೆತ್ತಗೆ, ಸಿಗ್ನಲ್ ಹೋಯಿತು. ಆಗ ಡಾಕ್ಟರು ಕೆರೆಯುವುದು ಬಿಟ್ಟು ಚಾಕು ಹಿಡಿಯುತ್ತಾರೆ. ತಲೆ, ಗಡ್ಡದಂಥ ಕೂದಲಿರುವ ಕಡೆ ಕೋಶಗಳು ಕೂದಲಿನ ಬುಡದಲ್ಲಿ ಇಳಿದು ಕೂತಿರಬಹುದು. ಮೂಗು, ಕಣ್ಣು, ಕಿವಿಯ ಸುತ್ತ ಮರಳಿ ಬರುವ ಅಪಾಯ ಹೆಚ್ಚು. ಅಲ್ಲೆಲ್ಲ ಈ ವಿಧಾನ ಬೇಡ. ಎಲ್ಲಕ್ಕಿಂತ ದೊಡ್ಡ ಕೊರತೆ: ಕೆರೆದ ಚೂರು ಲ್ಯಾಬಿಗೆ ಹೋದರೆ ಯಾವ ರೋಗ ಅಂತ ಗೊತ್ತಾಗುತ್ತದೆ, ಪೂರ್ತಿ ಹೋಯಿತಾ ಅಂತ ಗೊತ್ತಾಗುವುದಿಲ್ಲ. ಸುಟ್ಟ ಅಂಚನ್ನು ಮೈಕ್ರೋಸ್ಕೋಪು ಓದಲಾರದು.

ಮಚ್ಚೆ ತೆಗೆಯುವ ಬ್ಯೂಟಿ ಪಾರ್ಲರ್‌ಗಳ ಬಗ್ಗೆ ನಮಗೆ ಭಯ ಇರೋದು ಇದಕ್ಕೇ. ಕರೆಂಟಿಗೆ ಮಚ್ಚೆ ಯಾವುದು, ಮೆಲನೋಮ ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಒಂದೇ ಥರ ಕರಿ ಮಾಡುತ್ತದೆ, ಪರೀಕ್ಷೆಗೆ ಏನನ್ನೂ ಉಳಿಸುವುದಿಲ್ಲ. ಬೇಸಲ್ ಸೆಲ್ ಕೂಡ ನಮ್ಮಂಥ ಕಂದು ಚರ್ಮದವರಲ್ಲಿ ಎಷ್ಟೋ ಸಲ ಕಪ್ಪಗೆ, ಥೇಟ್ ಮಚ್ಚೆಯ ಹಾಗೇ ಕಾಣುತ್ತದೆ.

ಗೆಳೆಯನ ಅನುಭವ ಕೇಳಿ ಅವನ ಅಮ್ಮನೂ ಅದೇ ಡಾಕ್ಟರ ಹತ್ತಿರ ಹೋದರು. ಮೂಗಿನ ಪಕ್ಕ ಕಪ್ಪು ಚುಕ್ಕೆ, ಎರಡು ವರ್ಷದಿಂದ ಸ್ವಲ್ಪಸ್ವಲ್ಪ ದೊಡ್ಡದಾಗಿತ್ತು. "ಮಗನಿಗೆ ಮಾಡಿದ್ರಲ್ಲ, ಹಾಗೇ ಸುಟ್ಟುಬಿಡಿ ಡಾಕ್ಟ್ರೇ" ಅಂದರಂತೆ. ಅವರು ಯಂತ್ರ ಮುಟ್ಟಲೇ ಇಲ್ಲ. ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿನಲ್ಲಿ ಬಂದಿದ್ದು ಬೇಸಲ್ ಸೆಲ್ ಕಾರ್ಸಿನೋಮ. ಸುತ್ತಲ ಒಳ್ಳೆಯ ಚರ್ಮ ಒಂದಿಷ್ಟು ಸೇರಿಸಿ ಕತ್ತರಿಸಿ, ಅಂಚನ್ನೂ ಲ್ಯಾಬಿನಲ್ಲಿ ನೋಡಿಸಿದರು; ಅಂಚು ಶುದ್ಧವಾಗಿತ್ತು. ಈಗ ಅಮ್ಮನ ಮೂಗಿನ ಪಕ್ಕ ಒಂದು ತೆಳು ಗೆರೆಯಿದೆ. ಅದಕ್ಕೂ ಹಿಂದಿನ ತಿಂಗಳೇ ಬಡಾವಣೆಯ ಪಾರ್ಲರ್‌ನಲ್ಲಿ ಅದನ್ನು ಸುಡಿಸಲು ದಿನ ಗೊತ್ತು ಮಾಡಿದ್ದರಂತೆ. ಮನೆಗೆ ನೆಂಟರು ಬಂದಿದ್ದರಿಂದ ಹೋಗಲಾಗಲಿಲ್ಲ.