ಕಾದ ಎಣ್ಣೆಯ ಮೋಹ

ಸಂಜೆಯ ಹೊತ್ತಿನಲ್ಲಿ ದಾವಣಗೆರೆಯ ಪೇಟೆಯೊಳಗೆ ನಡೆದುಹೋಗುವವನ ಕಣ್ಣಿಗೆ ಮಂಡಕ್ಕಿಯ ರಾಶಿಯೊಂದು, ಅದರ ಮಗ್ಗುಲಲ್ಲಿ ಕಾದ ಎಣ್ಣೆಯ ಬಾಣಲೆಯೊಂದು, ಆ ಬಾಣಲೆಯಲ್ಲಿ ಕಡಲೆಹಿಟ್ಟಿನ ಕವಚವನ್ನು ತೊಟ್ಟು ಹೊರಳುತ್ತಿರುವ ಹಸಿ ಮೆಣಸಿನಕಾಯಿಗಳು ಬೀಳದೆ ಇರುವುದು ಅಪೂರ್ವ. ಹುಬ್ಬಳ್ಳಿ ಧಾರವಾಡಗಳ ಕಡೆ ಹುಣಿಸೆಯ ಹುಳಿ, ಬೆಲ್ಲ, ಈರುಳ್ಳಿ, ಪುಟಾಣಿ ಹಿಟ್ಟುಗಳನ್ನು ಕೂಡಿಸಿ ಕಲಸಿದ ಚುರುಮುರಿಗೆ ಗಿರ್ಮಿಟ್ ಎಂದು ಹೆಸರು. ಅದರೊಡನೆ ಬರುವ ಬಜ್ಜಿಯನ್ನು ಮಿರ್ಚಿ ಎಂದರೆ ಸಾಕು, ಬೇರೆ ವಿವರಣೆ ಬೇಡ. ಮಂಗಳೂರು ಉಡುಪಿಗಳ ಹೋಟೆಲುಗಳಲ್ಲಿ ಈ ಸ್ಥಾನ ಗೋಳಿಬಜೆಯದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಮದ್ದೂರು ವಡೆಯದು. ಅದು 1917ರ ಸುಮಾರಿನಲ್ಲಿ ಆ ಊರಿನ ನಿಲ್ದಾಣದಲ್ಲಿಯೇ ಹುಟ್ಟಿತೆಂಬುದು ಪ್ರತೀತಿ. ಬೇಡವೆಂದು ವೈದ್ಯರು ಹೇಳುತ್ತಾರೆ, ಮನೆಯ ಹಿರಿಯರು ಗದರಿಸುತ್ತಾರೆ, ತಿನ್ನುವವನಿಗೂ ತನ್ನ ಹೊಟ್ಟೆಯ ಸ್ಥಿತಿ ಗೊತ್ತಿದೆ. ಆದರೂ ಎಣ್ಣೆ ಕಾಯುವ ಕಂಪು ಗಾಳಿಯಲ್ಲಿ ತೇಲಿಬಂದ ಕೂಡಲೆ ಕಾಲು ತಾನಾಗಿ ಆ ದಿಕ್ಕಿಗೆ ತಿರುಗುತ್ತದೆ. ಇದನ್ನು ಜಿಹ್ವಾಚಾಪಲ್ಯವೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲವೆಂದು ನನ್ನ ನಂಬಿಕೆ. ಏಕೆಂದರೆ ಒಂದು ಬಿಸಿ ಬಜ್ಜಿಯಲ್ಲಿ ಶಾಖ, ನೀರು, ಹಿಟ್ಟು, ಕೊಬ್ಬು ಮತ್ತು ಮನುಷ್ಯನ ಇಂದ್ರಿಯಗಳು ಪರಸ್ಪರ ಸಂಧಿಸುವ ಬಗೆ ಅಷ್ಟು ಸೂಕ್ಷ್ಮವಾದದ್ದು.

ಕರಿದ ತಿಂಡಿ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಕೋಶಸದೃಶ ಗ್ರಂಥದಲ್ಲಿ ರಾಜಭೋಜನವನ್ನು ವರ್ಣಿಸುವಾಗ ವಡೆ ಪೂರಿಗಳ ಪೂರ್ವಜರು ಕಾಣಿಸಿಕೊಳ್ಳುತ್ತಾರೆ; ಹದಿನಾರನೆಯ ಶತಮಾನದ ಮೊದಲಲ್ಲಿದ್ದ ಮೂರನೆಯ ಮಂಗರಸನಾದರೋ ‘ಸೂಪಶಾಸ್ತ್ರ’ವೆಂದು ಕನ್ನಡದಲ್ಲಿ ಒಂದು ಪಾಕಗ್ರಂಥವನ್ನೇ ಪದ್ಯರೂಪದಲ್ಲಿ ಬರೆದಿಟ್ಟನು. ಆದರೆ ಇವರಾರೂ ಮೆಣಸಿನಕಾಯಿ ಬಜ್ಜಿಯನ್ನು ಕಂಡವರಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ನಮ್ಮ ಪಶ್ಚಿಮ ತೀರಕ್ಕೆ ಬಂದ ಬಳಿಕವಷ್ಟೇ ಅದು ಈ ನೆಲದಲ್ಲಿ ಬೇರೂರಿತು. ಅದಕ್ಕೆ ಮೊದಲು ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿಗಳದು.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಬಾಣಲೆಯ ತುಂಬ ಎಣ್ಣೆಯನ್ನೋ ತುಪ್ಪವನ್ನೋ ಸುರಿಯುವುದು ಗಾಣದ ಎಣ್ಣೆಯ ಕಾಲದಲ್ಲಿ ಸಾಮಾನ್ಯ ಸಂಸಾರಕ್ಕೆ ನಿತ್ಯದ ಮಾತಾಗಿರಲಿಲ್ಲ. ಹಬ್ಬಕ್ಕೆ, ಮದುವೆಗೆ, ಮಗಳು ತವರಿಗೆ ಬಂದಾಗ, ಅಳಿಯನು ಮೊದಲ ಬಾರಿಗೆ ಮನೆಗೆ ಬಂದಾಗ ಬಾಣಲೆ ಒಲೆಯೇರುತ್ತಿತ್ತು. ಸೂತಕದ ದಿನಗಳಲ್ಲಿ ಕರಿಯಬಾರದೆಂಬ ನಿಯಮವನ್ನು ಅನೇಕ ಮನೆತನಗಳು ಇಂದಿಗೂ ಪಾಲಿಸುತ್ತವೆ. ಎಣ್ಣೆ ಕಾಯುವ ವಾಸನೆಯೊಡನೆ ಸಂಭ್ರಮವನ್ನೂ ನೆಂಟರ ಬರವನ್ನೂ ತಲೆಮಾರುಗಳಿಂದ ಜೋಡಿಸಿಕೊಂಡು ಬಂದ ಜನ ಆ ವಾಸನೆಗೆ ಮನಸೋಲುವಾಗ ಸೋಲುವುದು ನಾಲಗೆಯೊಂದೇ ಅಲ್ಲ.

ಈಗ ಬಾಣಲೆಯೊಳಕ್ಕೆ ಇಣುಕಿ ನೋಡೋಣ. ಕರಿಯುವುದೆಂದರೆ ಪದಾರ್ಥದೊಳಕ್ಕೆ ಎಣ್ಣೆಯನ್ನು ತುಂಬುವುದೆಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವವಾಗಿ ಕರಿಯುವುದು ಪದಾರ್ಥದಿಂದ ನೀರನ್ನು ಹೊರಗೆ ಓಡಿಸುವ ಕ್ರಿಯೆ. ಹದವಾಗಿ ಕಾದ ಎಣ್ಣೆಯ ಉಷ್ಣತೆ ಸುಮಾರು 170ರಿಂದ 190 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ ಅದರ ಮೇಲ್ಮೈಯ ನೀರೆಲ್ಲ ಆವಿಯಾಗಿ, ತನ್ನ ಮೊದಲ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗಿ, ಹೊರಕ್ಕೆ ನುಗ್ಗುತ್ತದೆ. ನಾವು ಕಿವಿಯಾರೆ ಕೇಳುವ ಆ ಚುರ್ರೆಂಬ ಸದ್ದು, ಕಣ್ಣಾರೆ ಕಾಣುವ ಆ ಗುಳ್ಳೆಗಳ ಹಿಂಡು, ಎರಡೂ ಎಣ್ಣೆಯವಲ್ಲ, ನೀರಿನವು. ಆವಿ ಹೀಗೆ ರಭಸದಿಂದ ಹೊರಗೆ ಬರುತ್ತಿರುವಷ್ಟು ಕಾಲ ಎಣ್ಣೆಗೆ ಒಳಗೆ ಹೋಗಲು ದಾರಿಯಿಲ್ಲ. ನೀರನ್ನು ಕಳೆದುಕೊಂಡ ಹೊರಪದರ ಒಣಗಿ, ಬಿಗಿದು, ಅಸಂಖ್ಯ ಸಣ್ಣ ರಂಧ್ರಗಳುಳ್ಳ ಗರಿಗರಿಯಾದ ಚಿಪ್ಪಾಗುತ್ತದೆ; ಒಳಗಿನ ಭಾಗವಾದರೋ ನೀರಿರುವವರೆಗೆ 100 ಡಿಗ್ರಿಯನ್ನು ದಾಟಲಾರದೆ, ತನ್ನ ಆವಿಯಲ್ಲಿ ತಾನೇ ಬೇಯುತ್ತದೆ. ಆದುದರಿಂದ ಒಳ್ಳೆಯ ಬಜ್ಜಿಯ ಹೊರಮೈ ಕರಿದದ್ದು, ಒಳಮೈ ಹಬೆಯಲ್ಲಿ ಬೆಂದದ್ದು. ಹೊರಗೆ ಗರಿಗರಿ, ಒಳಗೆ ಮೃದು ಎಂಬ ಈ ವಿರೋಧವನ್ನು ಒಂದೇ ಪಾತ್ರೆಯಲ್ಲಿ, ಮೂರು ನಾಲ್ಕು ನಿಮಿಷಗಳಲ್ಲಿ ಸಾಧಿಸಬಲ್ಲ ಪಾಕವಿಧಾನ ಮತ್ತೊಂದು ಇದೆಯೆಂದು ನಾನು ತಿಳಿದಿಲ್ಲ.

ಬಾಣಲೆಯ ಮುಂದೆ ವರ್ಷಾನುಗಟ್ಟಲೆ ನಿಂತವರು ಈ ಶಾಸ್ತ್ರವನ್ನು ಪುಸ್ತಕದಲ್ಲಿ ಓದಿದವರಲ್ಲ. ಆದರೂ ಅವರ ಒಂದೊಂದು ರೂಢಿಯ ಹಿಂದೆಯೂ ಅದು ಅಡಗಿದೆ. ಹಿಟ್ಟಿನ ಒಂದು ತೊಟ್ಟನ್ನು ಎಣ್ಣೆಗೆ ಬಿಟ್ಟು, ಅದು ಮುಳುಗಿ ತಳದಲ್ಲಿಯೇ ಉಳಿದರೆ ಎಣ್ಣೆ ಇನ್ನೂ ಕಾಯಬೇಕೆಂದೂ, ಬಿದ್ದೊಡನೆ ಕಪ್ಪಾದರೆ ಉರಿ ಹೆಚ್ಚಾಯಿತೆಂದೂ ನಿರ್ಣಯಿಸುತ್ತಾರೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಆವಿಯ ರಭಸ ಕುಗ್ಗುತ್ತದೆ, ಚಿಪ್ಪು ಕಟ್ಟುವುದು ತಡವಾಗುತ್ತದೆ. ಆಗ ಬಜ್ಜಿ ‘ಎಣ್ಣೆ ಕುಡಿಯಿತು’ ಎನ್ನುತ್ತಾರೆ. ಕಡಲೆಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟನ್ನು ಬೆರೆಸುವುದು ಚಿಪ್ಪು ಗಟ್ಟಿಯಾಗಲೆಂದು. ಉದ್ದಿನ ವಡೆಯ ನಡುವೆ ತೂತು ಮಾಡುವುದು ದಪ್ಪನಾದ ನಡುಭಾಗ ಹಸಿಯಾಗಿ ಉಳಿಯದಿರಲೆಂದು. ಗುಳ್ಳೆಗಳು ವಿರಳವಾಗಿ ಸದ್ದು ತಗ್ಗಿದಾಗ, ಹೊರಡಬೇಕಾದ ನೀರು ಹೊರಟಿತೆಂದು ಅವರ ಕಿವಿಯೇ ಹೇಳುತ್ತದೆ. ಅತ್ಯಂತ ಮುಖ್ಯವಾದ ಕ್ಷಣ ಬರುವುದು ಅನಂತರ. ಬಜ್ಜಿಯನ್ನು ಎಣ್ಣೆಯಿಂದ ಎತ್ತಿದೊಡನೆ ಒಳಗಿನ ಆವಿ ತಣಿಯಲಾರಂಭಿಸಿ, ಒತ್ತಡ ಇಳಿದು, ಮೇಲ್ಮೈಗೆ ಅಂಟಿದ ಎಣ್ಣೆ ರಂಧ್ರಗಳ ಮೂಲಕ ಒಳಕ್ಕೆ ಸೆಳೆಯಲ್ಪಡುತ್ತದೆ. ಕರಿದ ತಿಂಡಿ ಹೀರುವ ಎಣ್ಣೆಯ ಬಹುಪಾಲು ಬಾಣಲೆಯಲ್ಲಿ ಅಲ್ಲ, ಹೊರಗೆ ಬಂದ ಮೇಲೆ ಒಳಸೇರುವಂಥದು. ಎತ್ತಿದ ತಕ್ಷಣ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿ ಎಣ್ಣೆ ಬಸಿಯುವ ಆ ಪದ್ಧತಿ ಇಷ್ಟು ಅರ್ಥವತ್ತಾದದ್ದು.

ಹೊರಪದರ ಒಣಗಿ ಅದರ ಉಷ್ಣತೆ 140 ಡಿಗ್ರಿಯ ಆಚೆಗೆ ಹೋದಾಗ ಬಣ್ಣ ಮತ್ತು ಪರಿಮಳಗಳ ಕಾರ್ಯ ವೇಗ ಪಡೆಯುತ್ತದೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ಪ್ರಥಮವಾಗಿ ವಿವರಿಸಿದ ಕಾರಣ ಅವನ ಹೆಸರನ್ನೇ ಹೊತ್ತಿರುವ ಈ ಕ್ರಿಯೆಯಲ್ಲಿ, ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಸಕ್ಕರೆಯ ಅಣುಗಳೊಡನೆ ಕೂಡಿ, ಹೊಂಬಣ್ಣವನ್ನೂ ನೂರಾರು ಬಗೆಯ ಸುವಾಸನೆಯ ದ್ರವ್ಯಗಳನ್ನೂ ಹುಟ್ಟಿಸುತ್ತವೆ. ಬೇಳೆಯ ಹಿಟ್ಟಾದ ಕಡಲೆಹಿಟ್ಟಿನಲ್ಲಿ ಪ್ರೋಟೀನು ಹೇರಳವಾಗಿರುವುದರಿಂದ ಬಜ್ಜಿಗೆ ಆ ಬಣ್ಣವೂ ಆ ಘಮವೂ ಅಷ್ಟು ಚೆನ್ನಾಗಿ ಒದಗುತ್ತವೆ. ಬೇಯಿಸಿದ ಕಡುಬಿನಲ್ಲಿ ಇದು ದೊರೆಯದು. ಹಬೆಯ ಉಷ್ಣತೆ ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ.

ಮೆಣಸಿನಕಾಯಿಯ ಪಾಲೂ ಇಲ್ಲಿ ವಿಶಿಷ್ಟವಾದದ್ದು. ಖಾರವೆಂಬುದು ರುಚಿಯಲ್ಲ, ಒಂದು ಬಗೆಯ ನೋವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯ ನಮ್ಮ ನರಗಳ ತುದಿಯಲ್ಲಿರುವ ಒಂದು ಗ್ರಾಹಕವನ್ನು ಕೆರಳಿಸುತ್ತದೆ. ಸುಮಾರು 43 ಡಿಗ್ರಿಗೆ ಮೇಲ್ಪಟ್ಟ ಶಾಖ ಕೆರಳಿಸುವುದೂ ಇದೇ ಗ್ರಾಹಕವನ್ನೇ. ಇದನ್ನು ಕಂಡುಹಿಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆದುದರಿಂದ ಬಾಣಲೆಯಿಂದ ಆಗತಾನೆ ಇಳಿದ ಮಿರ್ಚಿಯನ್ನು ಕಚ್ಚಿದವನ ಬಾಯಲ್ಲಿ ಬಿಸಿಯೂ ಖಾರವೂ ಒಂದೇ ಬಾಗಿಲನ್ನು ಏಕಕಾಲಕ್ಕೆ ತಟ್ಟುತ್ತವೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವಂಥದಾದ್ದರಿಂದ ಎಣ್ಣೆ ಅದನ್ನು ನಾಲಗೆಯ ಉದ್ದಗಲಕ್ಕೂ ಹಬ್ಬಿಸುತ್ತದೆ. ಕಣ್ಣಲ್ಲಿ ನೀರು, ಹಣೆಯ ಮೇಲೆ ಬೆವರು. ಆದರೂ ಕೈ ಎರಡನೆಯದನ್ನು ಹುಡುಕುತ್ತದೆ. ಈ ನೋವಿನಿಂದ ಅಪಾಯವಿಲ್ಲವೆಂದು ಮನಸ್ಸು ಬಲ್ಲದು. ಮಳೆಗಾಲದ ಸಂಜೆಯಲ್ಲಿ ಅದರ ಸುಖವನ್ನು ಬಲ್ಲವರಿಗೆ ಹೆಚ್ಚಿನ ಪ್ರಮಾಣ ಬೇಕಾಗದು.

ಸದ್ದಿನ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಆಕ್ಸ್‌ಫರ್ಡಿನ ವಿದ್ವಾಂಸ ಚಾರ್ಲ್ಸ್ ಸ್ಪೆನ್ಸ್ ಅವರೂ ಅವರ ಸಂಗಡಿಗರೂ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆಲೂಗೆಡ್ಡೆ ಚಿಪ್ಸನ್ನು ಕಚ್ಚುವವರ ಕಿವಿಗೆ ಅವರ ಕಚ್ಚುವ ಸದ್ದನ್ನೇ ಹಿಗ್ಗಿಸಿ ಕೇಳಿಸಿದಾಗ, ಆ ಚಿಪ್ಸು ಹೆಚ್ಚು ಗರಿಗರಿಯಾಗಿಯೂ ಹೊಸದಾಗಿಯೂ ಇದೆಯೆಂದು ಅವರು ಭಾವಿಸಿದರು. ಹಾಗೆಂದರೆ ಚಕ್ಕುಲಿ ನಿಪ್ಪಟ್ಟುಗಳ ಸವಿಯಲ್ಲಿ ಕಿವಿಗೂ ಪಾಲುಂಟು. ಇವೆಲ್ಲಕ್ಕೂ ತಳಹದಿಯಾಗಿ ಇರುವುದು ದೇಹದ ಪುರಾತನ ಲೆಕ್ಕಾಚಾರ: ಒಂದು ಗ್ರಾಂ ಹಿಟ್ಟಿನ ಪದಾರ್ಥದಲ್ಲಿ ನಾಲ್ಕು ಕ್ಯಾಲೊರಿಯಾದರೆ ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು. ಆಹಾರ ದುರ್ಲಭವಾಗಿದ್ದ ಯುಗಗಳಲ್ಲಿ ಬಾಳಿದ ನಮ್ಮ ಪೂರ್ವಿಕರಿಗೆ ಕೊಬ್ಬು ಒಂದು ಭಾಗ್ಯವಾಗಿತ್ತು. ಕಾಳಿನಲ್ಲಿ ಪಿಷ್ಟವನ್ನೂ ಬೀಜದಲ್ಲಿ ಎಣ್ಣೆಯನ್ನೂ ಬೇರೆ ಬೇರೆಯಾಗಿ ಇಟ್ಟ ಪ್ರಕೃತಿ ಎರಡನ್ನೂ ಸಮೃದ್ಧವಾಗಿ ಒಂದೆಡೆ ಕೂಡಿಸುವುದು ಬಲು ವಿರಳ. ಬಾಣಲೆ ಅದನ್ನು ದಿನಬೆಳಗಾದರೆ ಮಾಡುತ್ತದೆ. ಕೊಬ್ಬು ಮಾತ್ರವೋ ಪಿಷ್ಟ ಮಾತ್ರವೋ ಇರುವ ತಿಂಡಿಗಿಂತ ಎರಡೂ ಕೂಡಿದ ತಿಂಡಿಗೆ ಜನ ಹೆಚ್ಚು ಬೆಲೆ ಕೊಡಲು ಸಿದ್ಧರಾಗುತ್ತಾರೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು.

ಇಷ್ಟು ಕಾರಣಗಳು ಕೂಡಿ ಕಟ್ಟಿದ ಈ ಸುಖ ಅಲ್ಪಾಯು. ಬಜ್ಜಿ ಬಾಣಲೆಯಿಂದ ಹೊರಬಂದ ಗಳಿಗೆಯಿಂದಲೇ ಒಳಗಿನ ತೇವ ಹೊರಗಿನ ಒಣ ಚಿಪ್ಪಿನ ಕಡೆಗೆ ಹರಿಯತೊಡಗುತ್ತದೆ. ಕಾಲು ಗಂಟೆಯಲ್ಲಿ ಗರಿ ಮಾಯವಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಮನೆಗೆ ತರಿಸಿದ ಬೋಂಡ ತನ್ನದೇ ಹಬೆಯಲ್ಲಿ ನೆನೆದು ಮೆತ್ತಗಾಗುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ; ಎಣ್ಣೆಯೆಲ್ಲ ಉಳಿದು, ಎಣ್ಣೆ ಯಾವುದಕ್ಕಾಗಿ ವೆಚ್ಚವಾಯಿತೊ ಅದು ಮಾತ್ರ ಹೋಗಿರುತ್ತದೆ. ತಿನ್ನುವವನು ಬಾಣಲೆಯ ಬಳಿಗೆ ಹೋಗಬೇಕೇ ಹೊರತು ಬಜ್ಜಿ ಅವನ ಬಳಿಗೆ ಬರತಕ್ಕದ್ದಲ್ಲ.

ವೈದ್ಯರ ಮಾತನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕರಿದದ್ದೆಲ್ಲ ಒಂದೇ ಎಂದು ಒಟ್ಟಾರೆ ಖಂಡಿಸುವುದರಿಂದ, ಎಲ್ಲಕ್ಕಿಂತ ದೊಡ್ಡ ದೋಷ ಎಲ್ಲಿದೆಯೆಂಬುದು ಮರೆಯಾಗುತ್ತದೆ. ಅದು ಇರುವುದು ಹಳೆಯ ಎಣ್ಣೆಯಲ್ಲಿ. ಅದೇ ಎಣ್ಣೆಯನ್ನು ದಿನದ ಮೇಲೆ ದಿನ ಕಾಯಿಸಿದಾಗ ಅದು ಒಡೆದು, ಗಾಳಿಯ ಆಮ್ಲಜನಕದೊಡನೆ ಸೇರಿ, ಮಂದವಾಗಿ, ದೇಹಕ್ಕೆ ಅಹಿತವಾದ ದ್ರವ್ಯಗಳನ್ನು ತುಂಬಿಕೊಳ್ಳುತ್ತದೆ. ಹೀಗೆ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಹೋಟೆಲುಗಳಿಂದ ಸಂಗ್ರಹಿಸಿ ಜೈವಿಕ ಡೀಸೆಲ್ಲಾಗಿ ಮಾರ್ಪಡಿಸುವ ವ್ಯವಸ್ಥೆಯೂ ಆರಂಭವಾಗಿದೆ. ಎಣ್ಣೆ ಮತ್ತು ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ಮಿತಿ 2022ರಿಂದ ಬಂದಿತು. ಪಿಷ್ಟವುಳ್ಳ ಪದಾರ್ಥವನ್ನು ಅತಿಯಾಗಿ ಕೆಂಪಗೆ ಕರಿದಾಗ ಅಕ್ರಿಲಮೈಡ್ ಎಂಬ ಶಂಕಾಸ್ಪದ ದ್ರವ್ಯ ಉಂಟಾಗುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಪಡಿಸಿದರು. ಹೊಂಬಣ್ಣಕ್ಕೆ ಬಂದೊಡನೆ ಎತ್ತಬೇಕೆಂಬ ನಮ್ಮ ಅಜ್ಜಿಯರ ಕಟ್ಟಳೆಗೆ ಹೀಗೆ ಇನ್ನೊಂದು ಸಮರ್ಥನೆ ದೊರಕಿದೆ.

ನಿಯಮವಿದ್ದರೂ ಪ್ರತಿಯೊಂದು ತಳ್ಳುಗಾಡಿಯ ಬಾಣಲೆಯನ್ನು ಅಧಿಕಾರಿ ಬಂದು ಪರೀಕ್ಷಿಸಲಾರ. ಆ ಕೆಲಸವನ್ನು ಗಿರಾಕಿಯೇ ಮಾಡಬಹುದು, ಅದಕ್ಕೆ ಉಪಕರಣವೇನೂ ಬೇಡ. ಎಣ್ಣೆಯ ಬಣ್ಣ ಕಾಫಿಯ ಕಡೆಗೆ ತಿರುಗಿದ್ದರೆ, ಬಜ್ಜಿ ಹಾಕಿದಾಗ ಮೇಲೆದ್ದ ನೊರೆ ಬೇಗ ಅಡಗದೆ ಅಂಚಿನವರೆಗೂ ನಿಂತರೆ, ಏನೂ ಹಾಕದಿರುವಾಗಲೂ ಬಾಣಲೆ ಹೊಗೆಯಾಡುತ್ತ ಗಂಟಲು ಕೆರೆಯುವ ಕಮಟು ಬೀರುತ್ತಿದ್ದರೆ, ಆ ಅಂಗಡಿಯನ್ನು ದಾಟಿ ಮುಂದಕ್ಕೆ ಹೋಗುವುದು ಲೇಸು. ಎಣ್ಣೆ ತಿಳಿಯಾಗಿದ್ದು, ಬಜ್ಜಿಯ ಸುತ್ತ ಗುಳ್ಳೆಗಳು ಚುರುಕಾಗಿ ಎದ್ದು ಒಡೆಯುತ್ತಿದ್ದರೆ, ಮಾಡುವವನು ಒಂದು ಸಲಕ್ಕೆ ಬಾಣಲೆಯನ್ನು ತುಂಬಿ ಎಣ್ಣೆಯನ್ನು ತಣಿಸದೆ ನಾಲ್ಕಾರನ್ನೇ ಬಿಟ್ಟು ಕಾಯುವಷ್ಟು ತಾಳ್ಮೆಯುಳ್ಳವನಾದರೆ, ಅಲ್ಲಿಯೇ ನಿಂತು, ಎರಡು ಬಿಸಿ ಮಿರ್ಚಿಯನ್ನು ಹೇಳಿ, ಅವು ಸೌಟಿನಿಂದ ಇಳಿಯುವವರೆಗೆ ಕಾಯಬಹುದು.