ತಡವಾಗಿ ಮೊಳೆಯುವ ಬೀಜ: ಮೂತ್ರಪಿಂಡದ ಕ್ಯಾನ್ಸರ್

ಕ್ಯಾನ್ಸರ್ ಗಡ್ಡೆಯಿರುವ ಮೂತ್ರಪಿಂಡವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ ರೋಗವು ಮುಗಿಯಿತೆಂದು ನಾವೆಲ್ಲರೂ ಭಾವಿಸುವುದುಂಟು. ಅನೇಕರಲ್ಲಿ ಅದು ನಿಜವೂ ಹೌದು. ಆದರೆ ಕೆಲವರಲ್ಲಿ 10, 15, ಅಪೂರ್ವವಾಗಿ 20ಕ್ಕೂ ಹೆಚ್ಚು ವರ್ಷಗಳು ಕಳೆದ ತರುವಾಯ ಅದೇ ರೋಗವು ಮೇದೋಜೀರಕ ಗ್ರಂಥಿಯಲ್ಲಿ ತಲೆದೋರುತ್ತದೆ. ಇದು ಹೇಗೆ ಸಾಧ್ಯವೆಂಬುದನ್ನು ವಿಚಾರಿಸೋಣ.

ಮೂತ್ರಪಿಂಡಗಳು ರಕ್ತವನ್ನು ಸೋಸುತ್ತವೆ. ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿದ್ದು, ಆಹಾರವನ್ನು ಅರಗಿಸುವ ರಸವನ್ನೂ ಇನ್ಸುಲಿನ್ನನ್ನೂ ಒದಗಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಗಡ್ಡೆಯಿಂದ ಕಳಚಿಕೊಂಡ ಕೆಲವು ಜೀವಕೋಶಗಳು ರಕ್ತದೊಡನೆ ಹರಿದು, ದೂರದ ಅಂಗದಲ್ಲಿ ನೆಲೆಸಿ, ವರ್ಷಗಟ್ಟಲೆ ಸುಪ್ತವಾಗಿರಬಲ್ಲವು. ಬೀಜವು ಎಲ್ಲೆಡೆ ಚೆಲ್ಲಿದರೂ ತನಗೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆಂಬ ಹೋಲಿಕೆಯಿಂದ ಕ್ಯಾನ್ಸರಿನ ಹರಡುವಿಕೆಯನ್ನು 1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ವಿವರಿಸಿದರು. ಹತ್ತಿಯ ಬೀಜವನ್ನು ಬೆಳೆಯುವ ನಮ್ಮ ಗದ್ವಾಲ ಸೀಮೆಯ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ರೋಗದ ಸಾಮಾನ್ಯ ಬಗೆಯಲ್ಲಿ ವಿ.ಎಚ್.ಎಲ್. ಎಂಬ ಜೀನು ಬಹುಮಟ್ಟಿಗೆ ಕೆಟ್ಟಿರುತ್ತದೆ. ಆಗ ಆಮ್ಲಜನಕವು ಸಾಕಷ್ಟಿದ್ದರೂ ಜೀವಕೋಶವು ಕೊರತೆಯಿದ್ದಂತೆ ವರ್ತಿಸಿ, ಹೊಸ ರಕ್ತನಾಳಗಳನ್ನು ತನ್ನೆಡೆಗೆ ಬೆಳೆಯಿಸಿಕೊಳ್ಳುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಅರಿಯುವ ಕ್ರಮವನ್ನು ಶೋಧಿಸಿದ ಕೆಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಎಂಬ ವಿಜ್ಞಾನಿಗಳಿಗೆ 2019ರ ನೊಬೆಲ್ ಪಾರಿತೋಷಕವು ದೊರೆಯಿತು.

ರಕ್ತನಾಳಗಳು ದಟ್ಟವಾಗಿರುವುದರಿಂದ, ರಕ್ತಕ್ಕೆ ಔಷಧಿ ಚುಚ್ಚಿ ತೆಗೆದ ಸಿ.ಟಿ. ಸ್ಕ್ಯಾನಿನಲ್ಲಿ ಈ ಗಡ್ಡೆಯು ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತದೆ. ಮೇದೋಜೀರಕದಲ್ಲಿಯೇ ಹುಟ್ಟುವ ಸಾಮಾನ್ಯ ಕ್ಯಾನ್ಸರಾದರೋ ಮಂಕಾಗಿ ತೋರುತ್ತದೆ. ಈ ಭೇದವು ಬಹಳ ಮುಖ್ಯವಾದುದು. ಎರಡನೆಯದು ಅತಿ ಕಠಿನವಾದ ರೋಗ. ಮೂತ್ರಪಿಂಡದಿಂದ ಬಂದುದು ಹೆಚ್ಚಾಗಿ ನಿಧಾನವಾಗಿ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯಿಂದಲೋ ಔಷಧಿಗಳಿಂದಲೋ ಅನೇಕ ರೋಗಿಗಳು ವರ್ಷಗಟ್ಟಲೆ ಬದುಕಿದ್ದಾರೆ. ಆದುದರಿಂದ ಹಳೆಯ ಶಸ್ತ್ರಚಿಕಿತ್ಸೆಯ ಸಂಗತಿಯು ವೈದ್ಯರಿಗೆ ತಿಳಿಯದೆ ಹೋದರೆ ಒಂದು ರೋಗವನ್ನು ಇನ್ನೊಂದೆಂದು ಎಣಿಸುವ ಅಪಾಯವುಂಟು.

ಈ ಗಡ್ಡೆಯು ಬಹುಕಾಲ ನೋವನ್ನೇ ಕೊಡದಿರಬಹುದು. ಐದು ವರ್ಷ ಕಳೆಯಿತು, ಮೈಯಲ್ಲಿ ಸುಖವಾಗಿದೆ ಎಂದು ಪರೀಕ್ಷೆಯನ್ನು ತಾವಾಗಿಯೇ ನಿಲ್ಲಿಸದೆ, ಎಷ್ಟು ಕಾಲ ಮುಂದುವರಿಸಬೇಕೆಂಬುದನ್ನು ವೈದ್ಯರನ್ನೇ ಕೇಳತಕ್ಕದ್ದು. 1955ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆಯೂ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇಂತಹ ಚಿಕಿತ್ಸೆಗೆಂದೇ ಇರುವ ಸಾರ್ವಜನಿಕ ಆಸ್ಪತ್ರೆಗಳು.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಮನೆಯ ಹಿರಿಯರ ಆಸ್ಪತ್ರೆಯ ಕಾಗದಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಯಾವ ವರ್ಷ ಯಾವ ಶಸ್ತ್ರಚಿಕಿತ್ಸೆಯಾಯಿತೆಂಬುದನ್ನು ಮೇಲೆ ಬರೆದಿಡಿರಿ. ಅಕ್ಷರ ಕಲಿತುದರ ಫಲವು ಮನೆಗೆ ಸಲ್ಲುವ ಬಗೆಗಳಲ್ಲಿ ಇದೂ ಒಂದು.